ಅರೆಜೀವದ ತಂತಿ

ಹಲೋ... ಯಾರು ಮಾತಾಡ್ತಿರೋದು? ... ಬ್ರೈಸಾ? ತುರ್ತು ಕರೆ ಕೇಂದ್ರದಲ್ಲಿ ನೆಟ್‌ವರ್ಕ್ ನೋಡ್ಕೊಳ್ಳೋ ಬ್ರೈಸಾ? ... ಹಾಂ, ನಾನು ಇರ್ಯಾನೇ ಮಾತಾಡ್ತಿರೋದು. ಕೆಲಸದಿಂದ ತೆಗೆದ್ಮೇಲೆ ಅಲ್ಲಿಂದ ಒಬ್ರೂ ಫೋನ್ ಮಾಡಿರ್ಲಿಲ್ಲ. ಏನಪ್ಪಾ, ನನ್ನ ಹೆಡ್‌ಫೋನ್ ವಾಪಸ್ ಬೇಕಿತ್ತಾ?

...

ಸಿಕ್ತಾ? ಏನ್ ಸಿಕ್ತು? ... ನಿಧಾನಕ್ಕೆ ಹೇಳು. ಇರು, ಒಲೆ ಮೇಲೆ ಮೀನಿನ ಸಾರಿದೆ, ಒಲೆ ಆರಿಸ್ತೀನಿ. ... ಹಾಂ, ಈಗ ಹೇಳು.

...

ಕರೆ ಹೋಗಿ ಬರೋ ನಾಲ್ಕು ತಂತಿ ಸೇರಿಸಿ ಒಂದೇ ದಾರಿ ಮಾಡಿದ್ರಿ, ಅದು ಗೊತ್ತು. ಅವತ್ತು ಕೇಕ್ ಕತ್ತರಿಸಿದ್ರಲ್ಲ, ನಾಲ್ಕು ಪಟ್ಟು ವೇಗ ಅಂತ ಭಾಷಣ ಬೇರೆ. ... ಅಂದ್ರೆ ನನ್ನ ಕರೆ ನಾಲ್ಕರಲ್ಲೂ ಹಂಚಿ ಹೋಗಲ್ವಾ? ... ಒಂದೊಂದು ಕಂಪ್ಯೂಟರಿಗೂ ಇರೋ ನೆಟ್‌ವರ್ಕ್ ವಿಳಾಸ ನೋಡಿ ಒಂದು ತಂತಿ ಗೊತ್ತು ಮಾಡುತ್ತೆ. ಆಮೇಲೆ ಆ ಕಂಪ್ಯೂಟರಿನ ಮಾತೆಲ್ಲ ಅದರಲ್ಲೇ. ... ಪಕ್ಕದ್ದು ಖಾಲಿ ಬಿದ್ದಿದ್ರೂ? ... ಚೆನ್ನಾಗಿದೆ.

...

ನನ್ನ ಪಾಲಿಗೆ ಬಂದಿದ್ದು ಕೆಟ್ಟಿದ್ದು. ... ಪೂರ್ತಿ ಸತ್ತಿದ್ರೆ? ... ಉಳಿದ ಮೂರು ಅದರ ಕೆಲಸ ಹಂಚ್ಕೊಂಡು ಬಿಡ್ತಿದ್ವು. ಇದಕ್ಕೆ ಅರೆಜೀವ. ಇನ್ನೂ ಉಸಿರಾಡ್ತಿದೆ ಅಂತ ನಿಮ್ಮ ಯಂತ್ರ ಅದಕ್ಕೆ ಕೊಡ್ತಾನೇ ಇತ್ತು, ಅದು ಅರ್ಧರ್ಧ ಮಾತು ನುಂಗ್ತಾನೇ ಇತ್ತು. ... ಅಲ್ಲ ಬ್ರೈಸ್, ಚಳಿಗಾಲವೆಲ್ಲ ನಾನು ಬಡ್ಕೊಂಡಿದ್ದು ಇದನ್ನೇ ಅಲ್ವಾ?

...

ಪರೀಕ್ಷೆ. ಹಾಂ, ಮಾಡಿದ್ರಿ. ಪಕ್ಕದ ಮೇಜಿನ ಡೆಬ್‌ನ ಕರ್ಕೊಂಡು ಬಂದು ನನ್ನ ಕುರ್ಚೀಲಿ ಕೂರಿಸಿದ್ರಿ. ಅವಳು ಬಂದಿದ್ದು ತನ್ನ ಲ್ಯಾಪ್‌ಟಾಪ್ ಹಿಡ್ಕೊಂಡು. ... ಅವಳ ವಿಳಾಸ ಅವಳ ಜೊತೆಗೇ ಬಂತು, ಅಲ್ವಾ? ಅವಳ ಒಳ್ಳೇ ತಂತಿನೂ. ಎಲ್ಲ ಸ್ಪಷ್ಟವಾಗಿ ಕೇಳಿಸ್ತು. ಸರಿ, ಮೇಜಿಗೇನೂ ಆಗಿಲ್ಲ, ಇರ್ಯಾಗೇ ಕಿವಿ ಮಂದ, ವಯಸ್ಸಾಯ್ತು. ಕುಡಿದು ಬರ್ತಾಳೋ ಏನೋ ಅಂತಾನೂ ಅಂದ್ರಂತೆ. ಅದು ಮಾತ್ರ ನನಗೆ ಸರಿಯಾಗೇ ತಲುಪ್ತು.

...

ಈಗ ಹೇಗೆ ಗೊತ್ತಾಯ್ತು? ... ಕೇಲಾಗೆ ಕೊಟ್ರಾ ನನ್ನ ಕಂಪ್ಯೂಟರ್? ಮೇಲ್ವಿಚಾರಕಿಯ ಅಕ್ಕನ ಮಗಳಿಗೆ? ... ಓ. ಅವಳಿಗೆ ಕೇಳಿಸ್ಲಿಲ್ಲ ಅಂದ್ರೆ ತಂತಿ ಕೆಟ್ಟಿದೆ. ನನಗೆ ಕೇಳಿಸ್ಲಿಲ್ಲ ಅಂದ್ರೆ ನಾನು ಕೆಟ್ಟಿದ್ದೀನಿ. ... ಇಲ್ಲ, ನಗ್ತಿಲ್ಲ.

...

ಕ್ಷಮೆ ನನ್ನ ಯಾಕೆ ಕೇಳ್ತೀಯ? ನಮ್ಮ ಚರ್ಚಿನ ಹೆಲ್ಮಿ ಗಂಡ ಎದೆ ಹಿಡ್ಕೊಂಡು ಸೌನಾ ಹಬೆಕೋಣೆ ಬಾಗಿಲಲ್ಲಿ ಬಿದ್ದಾಗ ಅವಳ ಕರೆ ಬಂದಿದ್ದು ನನಗೆ. ಹಲೋ, ಹಲೋ ಅಂತ ನಾನು. ಆ ಕಡೆ ಚೂರು ಚೂರು. ರಸ್ತೆ ಹೆಸರು ಕೇಳಿಸ್ಲಿಲ್ಲ. ತಿರುಗಿ ಮಾಡಿದ್ರೂ ಅದೇ ತಂತಿ, ಅದೇ ಗತಿ. ಅವಳಿಗೆ ನನ್ನ ಧ್ವನಿನೇ ಹೋಗ್ಲಿಲ್ಲ. ಆಂಬ್ಯುಲೆನ್ಸ್ ತಲುಪೋದ್ರೊಳಗೆ ಅವನು ಹೋಗ್ಬಿಟ್ಟಿದ್ದ. ನಾನು ಸುಮ್ಮನೆ ಕೂತಿದ್ದೆ ಅಂತಾನೇ ಇವತ್ತಿಗೂ ಅವಳು ಅಂದ್ಕೊಂಡಿದ್ದಾಳೆ. ಚರ್ಚಲ್ಲಿ ನಾನು ಕೂತ ಸಾಲಿಗೆ ಬರಲ್ಲ.

...

ಕೆಲಸ ವಾಪಸ್ಸಾ? ಬೇಡ. ಒಂದು ಮಾಡು. ಶನಿವಾರ ಚರ್ಚಲ್ಲಿ ಮಾಂಸ ತುಂಬಿದ ಪ್ಯಾಸ್ಟಿ ಮಾರ್ತಾರೆ, ಊರೆಲ್ಲ ಬರುತ್ತೆ. ಹೆಲ್ಮಿ ಹತ್ರ ಹೋಗಿ ಇಷ್ಟೇ ಹೇಳು, ತಂತಿ ಕೆಟ್ಟಿತ್ತು, ಇರ್ಯಾ ಕೂಗ್ತಾನೇ ಇದ್ಲು ಅಂತ. ... ಕೇಂದ್ರದ ವಕೀಲರು ಬೇಡ ಅಂದ್ರಾ? ... ನನಗೆ ಫೋನ್ ಮಾಡಿದ್ದೂ ಅವರಿಗೆ ಗೊತ್ತಿಲ್ವಾ? ... ಮತ್ತೆ ಯಾಕೆ ಮಾಡ್ದೆ? ನಿನ್ನ ಮನಸ್ಸು ಹಗುರ ಆಗ್ಲಿ ಅಂತಾನಾ?

...

ಹೇಳ್ತೀಯಾ, ಇಲ್ವಾ? ...

ಬ್ರೈಸ್? ... ನಿನ್ನ ಉಸಿರು ಕೂಡ ಕೇಳಿಸ್ತಿದೆ ನನಗೆ. ಲೈನ್ ಚೆನ್ನಾಗಿದೆ. ಮಾತಾಡು.

...

ಹಲೋ? ... ಹಲೋ?

...

ಇಟ್ಟುಬಿಟ್ಟ.