ಅಲೆಮಾರಿ ಚುಕ್ಕಿಗಳಿಗೆ ಹೆಸರಿಟ್ಟ ಸೆಕುಂದವ್ವ

ಬನ್ರಿ, ಹತ್ರ ಬನ್ರಿ. ಹಿಂದೆ ಕೂತೋರು ಮಾತು ನಿಲ್ಸಿ, ಮುಂದೆ ಕೂತೋರು ಹೂಂಗುಟ್ಟಿ. ಹೂಂ ಅನ್ನೋರಿಲ್ದೆ ನನ್ನ ಕಥೆ ಹೆಜ್ಜೆ ಎತ್ತಾಕಿಲ್ಲ.

ಪಡುವಣ ಕಡಲಿನ ಆಚೆ ಒಂದು ದೇಶ ಇತ್ತು. ಯಾವ ದೇಶ ಅಂತ ಕೇಳಬ್ಯಾಡಿ. ನಾನೂ ಹೋಗಿಲ್ಲ, ನಿಮ್ಮಜ್ಜನೂ ಹೋಗಿಲ್ಲ. ಆ ದೇಶದಾಗೆ ಒಂದು ಪದ್ಧತಿ. ಕೂಸು ಹುಟ್ಟಿದ ಕೂಡಲೇ ಹೆಸರು ಇಡಂಗಿಲ್ಲ. ಒಂಬತ್ತು ತಿಂಗಳು ಬರೀ 'ಕೂಸೇ' ಅಂತ ಕರೀಬೇಕು. ಆಮೇಲೆ ಹೆಸರಿಡೋ ಅವ್ವ ಬತ್ತಾಳೆ. ಮೂರು ದಿನ ಕೂತು ನೋಡ್ತಾಳೆ. ಕೂಸು ಹೆಂಗೆ ಅಂಬೆಗಾಲಿಡ್ತದೆ, ಹೆಂಗೆ ಅಳ್ತದೆ, ಕೈಲಿರೋ ರೊಟ್ಟಿ ಯಾರಿಗೆ ಕೊಡ್ತದೆ, ಎಲ್ಲಾ ನೋಡಿ ತೊಟ್ಟಿಲ ಮುಂದೆ ನಿಂತು ಹೆಸರು ಹೇಳ್ತಾಳೆ. ಆ ಹೆಸರು ಸಾಯೋ ತನಕ.

ಆ ಅವ್ವನ ಹೆಸರು ಸೆಕುಂದ. ನಾವು ಸೆಕುಂದವ್ವ ಅನ್ನೋಣ. ಎಪ್ಪತ್ತು ವರ್ಷದ ಮುದುಕಿ. ಊರಾಗೆ ಓಡಾಡೋ ಜನದಲ್ಲಿ ಅರ್ಧ ಜನಕ್ಕೆ ಹೆಸರಿಟ್ಟೋಳು ಅವಳೇ.

ಆ ದೇಶದ ದೊರೆ ಫುಲ್ವಾನ. ಹೊಸದಾಗಿ ಪಟ್ಟಕ್ಕೆ ಬಂದೋನು, ಕನ್ನಡಿ ಬಿಟ್ಟು ಬೇರೇನೂ ನೋಡದೋನು. ಒಂದಿನ ಡಂಗುರ ಸಾರಿಸಿದ. "ಇನ್ಮೇಲೆ ಕೂಸು ಹುಟ್ಟಿದ ದಿನವೇ ಹೆಸರು! ಗಂಡಾದ್ರೆ ಫುಲ್ವಾನ, ಹೆಣ್ಣಾದ್ರೆ ಫುಲ್ವಾನಿ!"

ನಗಬ್ಯಾಡ್ರಿ. ತಾಯಿ ಬೀದೀಲಿ ನಿಂತು ಊಟಕ್ಕೆ ಕರೆದ್ರೆ ಊರ ಮಕ್ಕಳೆಲ್ಲ ಒಂದೇ ಬಾಗಿಲಿಗೆ ಓಡಿ ಬರಬೇಕಲ್ಲ! ತಾಯಂದ್ರು ಅಳ್ತಾ ಸೆಕುಂದವ್ವನ ಮನೆಗೆ ಬಂದ್ರು. ಅವಳು ಸೆರಗು ಬಿಗಿದು ನೇರ ಅರಮನೆಗೆ ಹೋದಳು.

"ಬುದ್ಧೀ, ನೋಡದೆ ಇಟ್ಟ ಹೆಸರು ನಿಲ್ಲಾಕಿಲ್ಲ."

"ನಿಲ್ಲಲ್ವಾ? ನಾನು ಇಟ್ಟ ಹೆಸರು ಆಕಾಶದಲ್ಲೂ ನಿಲ್ತದೆ. ನೋಡ್ತಿರು ಮುದುಕಿ!"

ಆಕಾಶದಾಗೆ ಚುಕ್ಕಿಗಳು ಎಷ್ಟೋ ಇದ್ರೂ ಎಲ್ಲಾ ತಂತಮ್ಮ ಜಾಗದಲ್ಲೇ ಇರ್ತವೆ. ಐದು ಮಾತ್ರ ಅಲೆಮಾರಿಗಳು. ಇವತ್ತು ಇಲ್ಲಿ, ನಾಳೆ ಅಲ್ಲಿ. ಅವಕ್ಕಿನ್ನೂ ಹೆಸರಿರಲಿಲ್ಲ. ಸಂಜೆ ಪಡುವಣದಲ್ಲಿ ಫಳಫಳ ಹೊಳೆಯೋದಕ್ಕೆ ದೊರೆ ತನ್ನ ಹೆಸರೇ ಇಟ್ಟ. ಕೆಂಪಗಿರೋದಕ್ಕೆ ದಂಡಿನ ಯಜಮಾನನಾದ ಭಾವಮೈದುನನ ಹೆಸರು. ಮಂಕಾಗಿ ಮೆಲ್ಲಗೆ ಹೋಗೋದಕ್ಕೆ ಮದುವೆಗೆ ನಿಂತಿರೋ ಮಗನ ಹೆಸರು.

ಆಮೇಲೆ ಏನಾಯ್ತು? ಕೇಳಿ.

ಹೊಳೆಯೋ ಚುಕ್ಕಿ ಐತಲ್ಲ, ಅದು ಎಷ್ಟೋ ತಿಂಗಳು ಹೊಳೆದು, ಒಂದು ಸಂಜೆ ಕಾಣದಂಗಾಯ್ತು. "ಫುಲ್ವಾನ ಮುಳುಗಿಬಿಟ್ಟ!" ಅಂತ ಒಬ್ಬ ಕೂಗಿದ. ಅಷ್ಟೇ ಸಾಕಾಯ್ತು. ಸಂತೆ ಮುಚ್ಚಿತು, ಒಲೆಗಳು ಆರಿದವು, ಹೆಂಗಸರು ತಲೆಗೂದಲು ಬಿಚ್ಚಿ ಅತ್ತರು. ದೊರೆ ಉಪ್ಪರಿಗೆ ಮೇಲೆ ದ್ರಾಕ್ಷಿ ತಿನ್ತಾ ಬಂದು ನಿಂತ್ರೆ, ದೆವ್ವ ಅಂತ ಜನ ಓಡಿ ಹೋದ್ರು!

ಕೆಂಪು ಚುಕ್ಕಿ ನಡೀತಾ ನಡೀತಾ ನಿಂತಿತು. ನಿಂತು, ಬಂದ ದಾರಿಗೇ ಹಿಂದಕ್ಕೆ ತಿರುಗಿತು. ಯುದ್ಧಕ್ಕೆ ಹೊರಟಿದ್ದ ದಂಡು ತಲೆ ಎತ್ತಿ ನೋಡ್ತು. "ಯಜಮಾನ್ರು ವಾಪಸ್ ಹೊಂಟವ್ರೆ ಕಣ್ರೋ" ಅಂದು ಎಲ್ಲಾ ಮನೆಗೆ ಹೋಗಿ ಮಲಗಿಕೊಂಡ್ರು.

ಮಂಕು ಚುಕ್ಕಿ? ಅದು ಆಕಾಶ ಸುತ್ತಿ ಬರೋಕೆ ಮೂವತ್ತು ವರ್ಷ. ಹೆಣ್ಣಿನ ಕಡೆಯೋರು ಲೆಕ್ಕ ಹಾಕಿದ್ರು. "ಗಂಡು ಈ ನಡಿಗೇಲಿ ಬಂದು ತಲುಪೋ ಹೊತ್ತಿಗೆ ನಮ್ಮ ಹುಡುಗಿಗೆ ತಲೆ ಬೆಳ್ಳಗಾಗಿರ್ತದೆ" ಅಂತ ಸಂಬಂಧ ಮುರ್ಕೊಂಡ್ರು.

ಇಷ್ಟೆಲ್ಲ ಆಗೋ ಹೊತ್ತಿಗೆ ವರ್ಷ ಕಳೆದು, ಮುಳುಗಿದ್ದ ಚುಕ್ಕಿ ಮತ್ತೆ ಸಂಜೆ ಪಡುವಣಕ್ಕೆ ಬಂದಿತ್ತು. ದೊರೆಗೆ ಎಲ್ಲಿಲ್ಲದ ಸಿಟ್ಟು ಬಂತು. ಸೆಕುಂದವ್ವನನ್ನ ಕರೆಸಿದ. "ನೀನೇ ಇಡು ಐದಕ್ಕೂ! ಯಾವ ಚುಕ್ಕಿಗೆ ಯಾವ ಹೆಸರು ಅಂತ ಗೊತ್ತಿರದ ಮೂವರನ್ನ ಮೂರು ದಿಕ್ಕಿಂದ ಕರೆಸ್ತೀನಿ. ಬರೀ ಹೆಸರು ಕೇಳಿ ಚುಕ್ಕಿ ತೋರಿಸಬೇಕು. ಒಂದು ತಪ್ಪಿದ್ರೂ ಈ ದೇಶದ ಕೂಸುಗಳೆಲ್ಲ ಫುಲ್ವಾನ! ಎಷ್ಟು ದಿನ ಬೇಕು?"

"ದಿನ ಯಾಕೆ ಬುದ್ಧಿ? ಬಾಣಂತಿ ಮನೆ ಜಗಲಿ ಮೇಲೆ ಕೂತು ಐವತ್ತು ವರ್ಷದಿಂದ ಇವನ್ನೇ ನೋಡ್ತಾ ಇವ್ನಿ" ಅಂದು ದೊರೆಯ ಕಿವೀಲಿ ಐದು ಹೆಸರು ಹೇಳಿದಳು. ಎಲ್ಲಾ ಆ ದೇಶದ ದೇವರ ಹೆಸರುಗಳೇ.

ಮೂವರೂ ಬಂದು ಸೇರಿದ ದಿನ ಸಂಜೆ ಆಯ್ತು. ಐದೂ ಚುಕ್ಕಿ ಒಟ್ಟಿಗೆ ಕಾಣೋ ಕಾಲ ಅದು. ಊರಿಗೆ ಊರೇ ಬಯಲಲ್ಲಿ ನೆರೆದಿತ್ತು.

ಬೆಟ್ಟದಿಂದ ಕುರಿ ಕಾಯೋನು ಬಂದ. "ಮಾರ್ಸ್ ಯಾವುದಯ್ಯ?" ಅಂದ ದೊರೆ.

"ಮಾರ್ಸಾ? ಯುದ್ಧದ ದೇವರಲ್ವಾ ಬುದ್ಧಿ. ಅಗೋ, ರಕ್ತದ ಬಣ್ಣದ್ದು. ಮುಂದಕ್ಕೂ ಹೋಗ್ತದೆ, ಹಿಂದಕ್ಕೂ ಬತ್ತದೆ. ಯುದ್ಧ ಅಂದ್ರೆ ಅಷ್ಟೇ ತಾನೆ?"

ಕಡಲ ಕಡೆಯಿಂದ ಮೀನು ಮಾರೋಳು ಬಂದಳು. "ವೀನಸ್ ಯಾವುದಮ್ಮ?"

"ಚೆಲುವಿನ ದೇವಿಯಲ್ವಾ! ಅದನ್ನೂ ಕೇಳ್ಬೇಕಾ? ಅಗಳೋ, ಪಡುವಣದಾಗೆ ಹೊಳೀತಾವ್ಳೆ. ಎಂಟು ದಿನ ಮರೆಯಾಗಿ ಮುಂಜಾನೆ ಕಡೆ ಮತ್ತೆ ಬತ್ತಾಳೆ. ಚೆಲುವೆಗೆ ಅಷ್ಟು ಬಿಗುಮಾನ ಇರಬ್ಯಾಡ್ವಾ?"

ನದಿ ಕಡೆಯಿಂದ ಅಂಬಿಗ ಬಂದ. "ಮರ್ಕ್ಯುರಿ?"

"ದೇವರ ಓಲೆಕಾರ, ಕಾಲಿಗೆ ರೆಕ್ಕೆ ಕಟ್ಟಿರೋನು! ಅಗೋ ಕೆಳಗೆ, ನೇಸರನ ಬೆನ್ನ ಹಿಂದೇನೇ. ಒಂದೆರಡು ವಾರ ಕಂಡು ಓಡಿ ಹೋಗೋ ಕಳ್ಳ ಅವನೇ."

ಇನ್ನು ಎರಡು ಉಳಿದವು. ದೊರೆ ಮೀಸೆ ತಿರುವಿದ. ಇವು ಮಾತ್ರ ಗೊತ್ತಾಗಲ್ಲ ಅಂದ್ಕೊಂಡ. "ಜುಪಿಟರ್ ಯಾವುದು? ಸ್ಯಾಟರ್ನ್ ಯಾವುದು? ಮೂವರೂ ಒಂದೇ ಸಲ ಬೆರಳು ತೋರಿಸಿ!"

ಮೂವರೂ ಮುಖ ಮುಖ ನೋಡಿಕೊಂಡ್ರು. ಕುರಿಯೋನು ತಲೆ ಕೆರೆದ. ಮೀನಿನೋಳು ಕಣ್ಣು ಕಿರಿದು ಮಾಡಿದಳು.

"ಜುಪಿಟರ್ ಅಂದ್ರೆ ದೇವರಿಗೆಲ್ಲ ದೊರೆ" ಅಂದ ಕುರಿಯೋನು. "ಯಾವುದಕ್ಕೂ ಅವಸರ ಪಡದೆ ಬೆಳಗ್ತಾ ಗತ್ತಿನಿಂದ ಹೋಗೋದು ಒಂದೇ ಅಲ್ವಾ?"

"ಸ್ಯಾಟರ್ನ್ ಅವನಪ್ಪ, ಮುದುಕ" ಅಂದ ಅಂಬಿಗ. "ನಮ್ಮಪ್ಪ ಮದುವೆಯಾದಾಗ ಇದ್ದ ಜಾಗಕ್ಕೆ ನನ್ನ ಮದುವೇಲಿ ಬಂತಲ್ಲ, ಆ ಮಂಕಾದದ್ದು!"

ಮೂರು ಬೆರಳು ಮೇಲೆದ್ದವು. ಮೂರೂ ಒಂದೇ ಚುಕ್ಕಿಗೆ. ಮತ್ತೆ ತಿರುಗಿದವು. ಮೂರೂ ಮತ್ತೊಂದು ಚುಕ್ಕಿಗೆ. ಐದಕ್ಕೆ ಐದೂ ಸರಿ!

ಅಯ್ಯೋ, ಆ ಕೂಗು ನೀವು ಕೇಳಬೇಕಿತ್ತು! ತಾಯಂದ್ರು ಕೂಸುಗಳನ್ನ ಮೇಲಕ್ಕೆ ಎತ್ತಿ ಕುಣಿಸಿದ್ರು, ಗಂಡಸರು ಸೆಕುಂದವ್ವನನ್ನ ಹೆಗಲ ಮೇಲೆ ಹೊತ್ತು ಊರೆಲ್ಲ ಸುತ್ತಿದ್ರು. ನೆರೆಯ ಗ್ರೀಸಿನೋರಿಗೂ ಸುದ್ದಿ ಹೋಯ್ತು. "ಇವೇ ದೇವರು ನಮಗೂ ಅವ್ರೆ, ಹೆಸರು ಬೇರೆ" ಅಂದು ಅವರು ಹರ್ಮೀಸು, ಅಫ್ರೊಡೈಟಿ, ಏರೀಸು, ಜ್ಯೂಸು, ಕ್ರೋನಸ್ಸು ಅಂತ ಕರೆದ್ರಂತೆ.

ದೊರೆ ಎಲ್ಲರೆದುರು ಅಪ್ಪಣೆ ಹಿಂದಕ್ಕೆ ತಗೊಂಡ. ಅಂದೇ ಊರ ತಾಯಂದ್ರೆಲ್ಲ ಸೆಕುಂದವ್ವನ ಬಾಗಿಲಲ್ಲಿ ಸಾಲು ನಿಂತ್ರು. ಜನ ಎಲ್ಲಾ ಹೋದ ಮೇಲೆ, ಸಾಲಿನ ಕೊನೇಲಿ ಯಾರು ನಿಂತಿದ್ರು ಹೇಳಿ? ಫುಲ್ವಾನ ದೊರೆ! ಕಿರೀಟ ಕಂಕುಳಲ್ಲಿತ್ತು.

"ಅವ್ವಾ, ಅರಮನೇಲಿ ಹುಟ್ಟಿದ ದಿನವೇ ಹೆಸರಿಟ್ಟುಬಿಟ್ರು, ನನ್ನ ಹೆಸರೂ ನೋಡದೆ ಇಟ್ಟಿದ್ದು. ನನಗೂ ನೀನೇ ಒಂದು ಇಡು."

ಸೆಕುಂದವ್ವ ಅವನನ್ನ ಅಡಿಯಿಂದ ಮುಡಿ ತನಕ ನೋಡಿದಳು. ಗಲ್ಲ ಹಿಡಿದು ನಕ್ಕಳು.

"ನೀನು ಇವತ್ತು ತಾನೇ ಹುಟ್ಟಿದೀಯ, ಮಗಾ. ಒಂಬತ್ತು ತಿಂಗಳು ಬಿಟ್ಟು ಬಾ."

ಅಲ್ಲಿಗೆ ಆ ದೇಶ ತಣ್ಣಗಾಯ್ತು, ನನ್ನ ಕಥೆ ಗೂಡು ಸೇರ್ತು. ನೀವೂ ಎದ್ದು ಮನೆ ಸೇರ್ಕೊಳ್ಳಿ.