ಒಂದೇ ಮುದ್ರೆಯ ಎರಡು ರೊಟ್ಟಿ

ನನ್ನ ಮಡಿಲಲ್ಲಿ ಆಡಿ ಬೆಳೆದ ನೆರೆಮನೆಯ ಬೂಷ್ತಾ ಕಡಲಲ್ಲಿ ತೀರಿಕೊಂಡನೆಂಬ ಸುದ್ದಿ ನಮ್ಮ ಸಲೆ ಊರಿಗೆ ಬಂದ ಬೆಳಿಗ್ಗೆ, ಅವನ ತಾಯಿ ರಹ್ಮಾ ತಟ್ಟಿ, ಮನೆಯ ಗುರುತಿನ ಮುದ್ರೆಯೊತ್ತಿ ಕಳಿಸಿದ್ದ ಎರಡು ರೊಟ್ಟಿಗಳು ಆಗಲೇ ಎಲ್ಲ ಮನೆಗಳ ರೊಟ್ಟಿ ಬೇಯುವ ಓಣಿಯ ಒಲೆಯಲ್ಲಿ ಬೇಯುತ್ತಿದ್ದವು. ಒಂದು ಮಗನಿಗೆ, ಒಂದು ತನಗೆ. ಅವನ್ನು ಪಡೆಯಲು ಅವಳು ತಂಗಿ ತಾಮುವಿನೊಡನೆ ಬಂದಾಗ ನಾನು ಸರದಿಯಲ್ಲಿ ಹಿಂದೆ ನಿಂತಿದ್ದೆ.

“ಬೂಷ್ತಾನದು ಯಾವುದು ತಾಮು? ಅವನ ಹೆಸರಲ್ಲಿ ಅದನ್ನ ಬಡವರಿಗೆ ಕೊಡಬೇಕು.”

“ಎರಡರ ಮೇಲೂ ನಿಮ್ಮನೆ ಮುದ್ರೇನೇ ಇದೆಯಲ್ಲಕ್ಕಾ. ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಯಾವುದಾದ್ರೂ ಒಂದು ಕೊಡು.”

“ಒಂದನ್ನ ತಟ್ಟುವಾಗ ಅವನ ಹೆಸರು ಹೇಳಿದ್ದೆ ಕಣೆ.”

“ಹೆಸರು ಹೇಳಿದ್ರೆ ರೊಟ್ಟಿ ಬೇರೆ ಆಗುತ್ತಾ?”

“ನಿನ್ನ ಅವಳಿ ಹುಡುಗೀರೂ ಒಂದೇ ಥರ ಇದ್ದಾರೆ. ಯಾರಾದ್ರೂ ಒಬ್ಬಳು ಸಾಕು ಅಂತೀಯಾ?”

“ಆ ಕೋತಿಗಳನ್ನ ಹೆತ್ತವಳು ನಾನು. ನನಗೆ ಗೊತ್ತಾಗುತ್ತೆ.”

“ಇದು ದೇವರಿಗೆ ಗೊತ್ತಾಗುತ್ತೆ. ಎರಡನ್ನೂ ಕೊಡ್ತೀನಿ. ಅವನದು ಅದರಲ್ಲೇ ಇರುತ್ತೆ.”

“ನೀನೇನು ತಿಂತೀಯಕ್ಕಾ?”

“ಸಾವಿನ ಮನೆಗೆ ನೀವು ತಂದಿದ್ದು.”

ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಬ್ಬರೂ ಮಸೀದಿಯ ಬಾಗಿಲಿನತ್ತ ನಡೆದರು.

ದಯಾಮಯನೇ, ಲೆಕ್ಕವಿಲ್ಲದ ನಿನ್ನ ದಾಸರ ನಡುವೆ ನಮ್ಮ ಬೂಷ್ತಾನನ್ನು ಗುರುತಿಸು. ಅವನಿಗೆ ಶಾಂತಿಯನ್ನು ಕೊಡು.