ಸತ್ತವರ ಕುಣಿತ

ನಾಟಕ ಮುಗಿದು, ಅದರಲ್ಲಿ ಸತ್ತವರೆಲ್ಲ ವಾಡಿಕೆಯಂತೆ ಎದ್ದು ಕುಣಿದು, ಜನ ಚದುರುವ ಹೊತ್ತಿಗೆ ಮಳೆ ಹಿಡಿಯಿತು. ಥೇಮ್ಸ್ ನದಿಯ ದೋಣಿಯವರು ನಮ್ಮನ್ನು ಆಚೆ ದಡಕ್ಕೆ ದಾಟಿಸಲೊಪ್ಪಲಿಲ್ಲ. ನಟರೆಲ್ಲ ಬಣ್ಣದ ಮನೆಯಲ್ಲೇ ಕೆಂಡದ ಸುತ್ತ ಕೂತೆವು. ರಾಣಿಯ ವೇಷದ ನಿಕ್, ಸಾಯುವಾಗ ಬಿದ್ದು ಉಳುಕಿಸಿಕೊಂಡ ಕಾಲನ್ನು ಬಟ್ಟೆಯ ಬುಟ್ಟಿಯ ಮೇಲೆ ಚಾಚಿದ್ದ. ರೇಫ್ ತನ್ನ ಬಲಗೈಯನ್ನು ಮತ್ತೆ ಮತ್ತೆ ಕೆಂಡಕ್ಕೆ ಹಿಡಿಯುತ್ತಿದ್ದ.

"ಏನೋ ರೇಫ್, ನಾಟಕದಲ್ಲಿ ಸತ್ತೋನು ಇನ್ನೂ ಬೆಚ್ಚಗಾಗಿಲ್ವೇನೋ?" ಎಂದು ಯಾರೋ ಕೆಣಕಿದರು.

ಉಡುಪು ನೋಡಿಕೊಳ್ಳುವ ಮುದುಕ ಹಂಫ್ರಿ ಪೆಲ್ ಮಾತ್ರ ನಗಲಿಲ್ಲ. ಬಿಯರ್ ಬಟ್ಟಲನ್ನು ಕೆಳಗಿಟ್ಟು ಆ ಕೈಯನ್ನೇ ನೋಡಿದ.

"ಹತ್ತಿರ ಬನ್ರಪ್ಪ. ನಿಮಗಿನ್ನೂ ಮೀಸೆ ಮೂಡದ ಕಾಲದ ಮಾತು... ಆಂಬ್ರೋಸ್ ಫೆನ್ ಅಂತ ನಟ ಇದ್ದ, ಸಾಯೋದ್ರಲ್ಲಿ ಅವನನ್ನ ಮೀರಿಸೋರಿರಲಿಲ್ಲ. ಹೆಂಡತಿ ಸಿಸಿಲಿ ಕೆಂಟ್ ಕಡೆ ಹಳ್ಳಿಯವಳು, ಗಂಡ ದಿನಾ ಸಾಯ್ತಾನೆ ಅಂತ ಕೇಳೇ ನಡುಗೋಳು. ಒಂದು ದಿನ ಅವಳನ್ನ ಕರ್ಕೊಂಡು ಬಂದು, ರಂಗದ ಮುಂದಿನ ಎಡಗಂಬದ ಹತ್ರ ನಿಲ್ಲಿಸಿ, 'ಹುಚ್ಚಿ, ನಾನು ಬಿದ್ದಾಗ ಅಳಬೇಡ, ಕೊನೇಲಿ ಸತ್ತೋರೆಲ್ಲ ಎದ್ದು ಕುಣೀತೀವಿ, ಅಲ್ಲೀವರೆಗೂ ಕಾದಿರು, ನಾನು ಎದ್ದೇ ಏಳ್ತೀನಿ' ಅಂತ ಮಾತು ಕೊಟ್ಟ. ನಾನೇ ಕೇಳಿಸ್ಕೊಂಡೆ.

"ಕುರಿರಕ್ತದ ಚೀಲ ಅಂಗಿಯೊಳಗೆ ಕಟ್ಟೋನು ನಾನು. ಚೀಲದ ಹಿಂದೆ, ಎದೆಗೆ ಒಂದು ತೆಳು ಹಲಗೆ. ಕತ್ತಿ ಚೀಲ ಒಡೆದು ಹಲಗೆಗೆ ತಗಲಿ ನಿಲ್ಲಬೇಕು. ಅವನೋ, ಹೆಂಡತಿ ಕಾಣ್ತಾಳಾ ಅಂತ ಈ ಹಿಂದಿನ ಪರದೆ ಸಂದೀಲಿ ಇಣುಕ್ತಾ ಒಂದು ಕಡೆ ನಿಲ್ಲಲಿಲ್ಲ. ಚೀಲ ಕಟ್ಟಿ ಹೊರಗೆ ತಳ್ಳಿದೆ. ತಿರುಗಿ ನೋಡ್ತೀನಿ... ಹಲಗೆ ಗೂಟದಲ್ಲೇ ನೇತಾಡ್ತಿತ್ತು. ಕೂಗಬಹುದಿತ್ತಲ್ಲ ಅಂತೀರಾ? ಕೂಗಬಹುದಿತ್ತು. ಎರಡು ಸಾವಿರ ಜನ ಉಸಿರು ಬಿಗಿಹಿಡಿದು ನಿಂತಿದ್ರು. ನಾಟಕ ಕೆಡಿಸಿದ ಪೆದ್ದ ಅನ್ನಿಸ್ಕೊಳ್ಳೋಕೆ ನಾಚಿದೆ. ಮೊಂಡು ಕತ್ತಿ, ಏನಾದೀತು ಅಂದ್ಕೊಂಡೆ.

"ಕತ್ತಿ ಇಳೀತು. ಅವನು ಬಿದ್ದ. ಜನ ಚಪ್ಪಾಳೆ ತಟ್ಟಿದ್ರು, ಅಷ್ಟು ಚೆನ್ನಾಗಿ ಅವನು ಯಾವತ್ತೂ ಸತ್ತಿರಲಿಲ್ಲ. ನಮ್ಮ ರಂಗಕ್ಕೆ ಮುಂದೆ ಪರದೆ ಇಲ್ವಲ್ಲ, ಪದ್ಧತಿಯಂತೆ ಇಬ್ಬರು ಹೆಣ ಹೊತ್ತು ತಂದು, ಅಗೋ ಆ ಬುಟ್ಟಿ ಹಿಂದೆ ಇಳಿಸಿ, ತಮ್ಮ ಪಾತ್ರದ ಮಾತು ಹೇಳೋಕೆ ರಂಗಕ್ಕೆ ಓಡಿದ್ರು."

ನಿಕ್ ಬುಟ್ಟಿಯಿಂದ ಕಾಲು ತೆಗೆದ.

"'ಏಳೋ ಆಂಬ್ರೋಸ್' ಅಂತ ಇಲ್ಲಿಂದಲೇ ಕರೆದೆ. ದೆವ್ವದ ಪಾತ್ರದವನ ಮುಖಕ್ಕೆ ಹಿಟ್ಟು ಬಳೀತಿದ್ದೆ, ಅದಕ್ಕೇ ಹೋಗಿ ನೋಡಲಿಲ್ಲ... ಅಲ್ಲ, ನೋಡೋಕೆ ಧೈರ್ಯ ಬರಲಿಲ್ಲ, ಅದೇ ನಿಜ. ಆಮೇಲೆ ಕುಣಿತದ ಡೋಲು ಬಡಿದ್ರು. ಸಂದೀಲಿ ನೋಡ್ತೀನಿ, ಆಂಬ್ರೋಸ್ ಕೈ ಕೈ ಹಿಡಿದು ಕುಣೀತಿದ್ದಾನೆ, ಎಡಗಂಬದ ಕಡೆ ನೋಡಿ ನಗ್ತಿದ್ದಾನೆ. ಹೋದ ಜೀವ ಬಂತು ನನಗೆ. ಆ ಹಲಗೆ ಬಚ್ಚಿಡೋಣ ಅಂತ ತಿರುಗಿದೆ... ಬುಟ್ಟಿ ಹಿಂದೆ ಎರಡು ಕಾಲು. ಮುಟ್ಟಿದೆ, ಮಂಜುಗಡ್ಡೆ. ಹೊರಗೆ ಡೋಲು, ನಗು. ಇಲ್ಲಿ ಅವನು. ಎರಡೂ ಕಡೆ ಅವನೇ.

"ಹೇಳೋಕೆ ಅವರ ಮನೆಗೆ ಹೋದ್ರೆ ಸಿಸಿಲಿ ಗಂಜಿ ಬೆಚ್ಚಗಿಟ್ಕೊಂಡು ಕೂತಿದ್ಳು. 'ತಮಾಷೆ ಸಾಕು ಹಂಫ್ರಿ. ಎದ್ದು ಕುಣಿದದ್ದನ್ನ ನಾನೇ ಕಂಡೆ. ಬರ್ತಾನೆ' ಅಂದ್ಳು. ಮಣ್ಣು ಮಾಡಿದ ಮೇಲೂ ಅದೇ ಮಾತು. ಇಪ್ಪತ್ತು ವರ್ಷ, ಸಾವಿನ ನಾಟಕ ಇದ್ದ ದಿನವೆಲ್ಲ ಆ ಕಂಬದ ಹತ್ರ ಬಂದು ನಿಂತ್ಳು. ನಾನು ಇಲ್ಲಿಂದ ಕುಣಿಯೋರನ್ನ ಎಣಿಸ್ತಿದ್ದೆ. ಪ್ರತಿ ಸಲ ಒಬ್ಬ ಹೆಚ್ಚು... ಕಳೆದ ತಿಂಗಳು ಅವಳೂ ಹೋದ್ಳು. ಇನ್ನು ಅವನಿಗೆ ಬಿಡುಗಡೆ ಅಂದ್ಕೊಂಡೆ."

ಮುದುಕ ರೇಫ್‌ನ ಕಡೆ ತಿರುಗಿದ. "ಇವತ್ತು ಕುಣಿವಾಗ ನಿನ್ನ ಬಲಗೈ ಹಿಡಿದಿದ್ದು ಯಾರಪ್ಪ?"

"ಇನ್ಯಾರು, ನಿಕ್. ಲಂಗದ ಅಂಚು ಕಾಲಿಗೆ ತಾಗ್ತಿತ್ತಲ್ಲ."

"ನಾನು ಕುಣೀಲೇ ಇಲ್ಲ ಕಣೋ," ಎಂದ ನಿಕ್. "ಕಾಲು ಹಿಡ್ಕೊಂಡು ಇಲ್ಲೇ ಕೂತಿದ್ದೆ."

ನಮ್ಮ ತಂಡದಲ್ಲಿ ಲಂಗ ತೊಡುವವನು ಅವನೊಬ್ಬನೇ. ಹೆಂಗಸರು ರಂಗ ಹತ್ತುವ ಪದ್ಧತಿ ನಮ್ಮಲ್ಲಿಲ್ಲ.

ಮುದುಕ ಬಟ್ಟಲೆತ್ತಿದ. "ಇವತ್ತೂ ಎಣಿಸ್ದೆ ಕಣ್ರಪ್ಪ... ಇಬ್ಬರು ಹೆಚ್ಚಿದ್ರು. ನಾಳೆ ಕುಣಿವಾಗ ತಣ್ಣಗಿದೆ ಅಂತ ಕೈ ಬಿಡಿಸ್ಕೋಬೇಡಿ, ಅಷ್ಟೇ."